ಲೊಂಬಾರ್ಡಿನ ಆ್ಯನಿ, ನಮ್ಮ ಅಜ್ಜಿ

ಕಳೆದ ವರ್ಷದ ರಾಜ್ಯೋತ್ಸವ ಸಂಚಿಕೆಗೆ ಮಕ್ಕಳಿಂದ ಎಂದಿನಂತೆ ಪುಟ್ಟ ಪ್ರಬಂಧ, ಪುಟ್ಟ ಕವನ ಬರೆಸುವ ಬದಲು ಎಂಟು ಪುಟದ ಒಂದು ಕಾಮಿಕ್ಸ್ ಮಾಡಿಸೋಣ ಎಂದು ನಮ್ಮ ಬಳಗದ ಸಭೆಯಲ್ಲಿ ತೀರ್ಮಾನವಾಯಿತು. ಚಕ್ಕುಲಿ ಮುರಿಯುತ್ತಾ ಸುಮ್ಮನೆ ಕೂತಿದ್ದ ನಮ್ಮ ಪಾಲಿಗೆ ಆ ಕೆಲಸ ಬಂದದ್ದಕ್ಕೆ ಕಾರಣಗಳು ಎರಡು. ಲೊಂಬಾರ್ಡಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಏಳೆಂಟು ಮಕ್ಕಳು ಗಲಾಟೆ ಮಾಡುವಷ್ಟು ಜಾಗವಿದೆ. ಅಲ್ಲದೆ ಕಾಲೇಜಿನಲ್ಲಿದ್ದಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟರ ಮುಖ ಬರೆದು ಸಿಕ್ಕಿಹಾಕಿಕೊಂಡ ನಮ್ಮ ಹಳೆಯ ಕಥೆ ಬಳಗದಲ್ಲಿ ಯಾರಿಗೋ ಗೊತ್ತಿತ್ತು! ಚಿತ್ರಕಲೆಯಲ್ಲಿ ನಮಗಿರುವ ಅರ್ಹತೆ ಅಷ್ಟೇ. ಹೊಟ್ಟೆಪಾಡಿಗೆ ಬರೆಯುವುದು ಸಾಫ್ಟ್‌ವೇರು. ಆದರೂ ಆರೇಳು ಶನಿವಾರ ಮಕ್ಕಳ ಜೊತೆ ಕೂತು, ಲೈಬ್ರರಿಯಿಂದ ಹೊರೆಗಟ್ಟಲೆ ಪುಸ್ತಕ ಹೊತ್ತು ತಂದು ನೋಡಿದ ಮೇಲೆ, ಕಾಮಿಕ್ಸಿನ ಪಾತ್ರವೊಂದಕ್ಕೆ ರೂಪ ಕೊಡುವುದೆಂದರೆ ಏನು ಎಂಬುದು ಸ್ವಲ್ಪ ತಿಳಿಯಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಥೆಯೇನೋ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಅಜ್ಜಿಯೊಬ್ಬರು ದಾರಿ ತಪ್ಪಿದ ನಾಯಿಯೊಂದನ್ನು ಅದರ ಮನೆಗೆ ಮುಟ್ಟಿಸುವುದು. ಅಜ್ಜಿಗೆ ಇಂಗ್ಲಿಷ್ ಬಾರದು, ನಾಯಿಗೆ ಕನ್ನಡ ಬಾರದು. ಮಕ್ಕಳಿಗೆ ಇದರಲ್ಲಿ ಎಷ್ಟು ನಗು ಬಂತೆಂದರೆ ಮೇಲಿನಿಂದ ನಮ್ಮ ಮನೆಯವರು ಇಳಿದು ಬಂದು ನೋಡಿ ಹೋದರು. ತೊಡಕು ಶುರುವಾದದ್ದು ಪೆನ್ಸಿಲ್ ಹಿಡಿದ ಮೇಲೆ. ಏಳು ಮಕ್ಕಳು ಏಳು ಅಜ್ಜಿಯರನ್ನು ಬರೆದರು; ಏಳೂ ಒಬ್ಬಳೇ ಅಜ್ಜಿ. ನೆತ್ತಿಯ ಮೇಲೆ ಬಿಳಿ ತುರುಬು, ಮೂಗಿನ ತುದಿಗೆ ದುಂಡು ಕನ್ನಡಕ, ಬಾಗಿದ ಬೆನ್ನು, ಕೈಯಲ್ಲಿ ಕೋಲು. "ನಿಮ್ಮ ನಿಮ್ಮ ಅಜ್ಜಿಯರಲ್ಲಿ ಕೋಲು ಹಿಡಿಯುವವರು ಯಾರಿದ್ದಾರಪ್ಪಾ?" ಎಂದು ಕೇಳಿದೆವು. ಒಬ್ಬರೂ ಇಲ್ಲ. ಒಬ್ಬಳ ಅಜ್ಜಿ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುತ್ತಾರಂತೆ! ಹಾಗಾದರೆ ಈ ಕೋಲು ಎಲ್ಲಿಂದ ಬಂತು? ಬೇರೆಯವರ ಚಿತ್ರಗಳಿಂದ. ಹೊಸ ಪಾತ್ರ ಬರೆಯುವ ಎಲ್ಲರೂ ಮೊದಲು ಎಡವುವ ಕಲ್ಲು ಇದೇ. ಕೈಗೆ ಮೊದಲು ಬರುವುದು ನಾವು ನೋಡಿದ ಮನುಷ್ಯರಲ್ಲ, ನಾವು ನೋಡಿದ ಚಿತ್ರಗಳು.

ಇದನ್ನು ಮಕ್ಕಳಿಗೆ ವಿವರಿಸಲು ನಮಗೆ ದೂರ ಹೋಗಬೇಕಾಗಲಿಲ್ಲ. ಲೊಂಬಾರ್ಡ್ ಎಂದರೆ ಮೇ ತಿಂಗಳ ಲೈಲಾಕ್ ಹೂವಿನ ಊರು ಎಂದಷ್ಟೇ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅಮೆರಿಕದ ಕಾಮಿಕ್ಸ್ ಚರಿತ್ರೆಯಲ್ಲಿ ಬಹಳ ಹೆಸರು ಮಾಡಿದ ಹುಡುಗಿಯೊಬ್ಬಳಿಗೆ ಇದು ತವರೂರಿದ್ದ ಹಾಗೆ. 'ಲಿಟ್ಲ್ ಆರ್ಫನ್ ಆ್ಯನಿ'ಯನ್ನು ಸೃಷ್ಟಿಸಿದ ಹೆರಾಲ್ಡ್ ಗ್ರೇ 1920ರ ದಶಕದಲ್ಲಿ ಇದೇ ಊರಿನಲ್ಲಿದ್ದರು. ಮೇನ್ ಸ್ಟ್ರೀಟಿನಲ್ಲಿ ಅವರಿದ್ದ ಹಳೆಯ ವಿಕ್ಟೋರಿಯನ್ ಶೈಲಿಯ ಮನೆಯನ್ನು ಕಟ್ಟಿಸಿದ ವಿಲಿಯಮ್ ಲೀರಾಯ್, ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕೃತಕ ಅಂಗಗಳನ್ನು ಮಾಡುತ್ತಿದ್ದವನು. ಆ್ಯನಿಯನ್ನು ಸಾಕಿಕೊಂಡ ಕೋಟ್ಯಧೀಶ ಡ್ಯಾಡಿ ವಾರ್‌ಬಕ್ಸನ ಬಂಗಲೆಗೆ ಈ ಮನೆಯೇ ಮಾದರಿ ಎಂಬುದು ಊರವರ ಹೆಮ್ಮೆಯ ಮಾತು. ದಿನಾ ಆಫೀಸಿಗೆ ಹೋಗುವಾಗ ಆ ಬೀದಿಯಲ್ಲೇ ಕಾರು ಓಡಿಸುತ್ತಿದ್ದ ನಮಗೆ ಈ ವಿಷಯ ತಿಳಿದದ್ದು ಇಲ್ಲಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ. ಗ್ರೇ ಕೂಡ ಓದಿದ್ದು ಎಂಜಿನಿಯರಿಂಗ್, 1917ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪದವಿ. ನಮ್ಮಂಥವರಿಗೆ ಇದೊಂದು ಸಮಾಧಾನ!

ಆ್ಯನಿ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1924ರ ಆಗಸ್ಟ್ 5ರಂದು. ಆದರೆ ಗ್ರೇ ಮೊದಲು ಯೋಚಿಸಿದ್ದು ಹುಡುಗಿಯನ್ನಲ್ಲ, ಆಟೊ ಎಂಬ ಹುಡುಗನನ್ನು. ಗುಂಗುರು ಕೂದಲಿನ ಆ ಅನಾಥ ಹುಡುಗನ ಚಿತ್ರವನ್ನು ನೋಡಿದ ಜೋಸೆಫ್ ಪ್ಯಾಟರ್ಸನ್, ಇವನಿಗೊಂದು ಲಂಗ ತೊಡಿಸಿ ಹುಡುಗಿ ಮಾಡು ಎಂದರಂತೆ. ಈ ಪ್ಯಾಟರ್ಸನ್ ಪತ್ರಿಕೆಯ ಯಜಮಾನರು; ಅವರ ಮಾತು ಮೀರುವಂತಿರಲಿಲ್ಲ. ಆಗ ಪತ್ರಿಕೆಗಳ ತುಂಬಾ ತುಂಟ ಹುಡುಗರ ಕಥೆಗಳೇ. ಒಂಟಿ ಹುಡುಗಿಯ ಕಥೆ ಅಪರೂಪ. ಹೆಸರು ಬಂದದ್ದು ಜೇಮ್ಸ್ ವಿಟ್ಕಂ ರೈಲಿಯ 1885ರ ಪದ್ಯವೊಂದರಿಂದ. ಕೂದಲು ಹಾಗೇ ಉಳಿಯಿತು, ಬಟ್ಟೆ ಬದಲಾಯಿತು, ಪಾತ್ರವೇ ಬೇರೆಯಾಯಿತು. ಇದನ್ನು ಕೇಳಿ ನಮ್ಮ ಗುಂಪಿನ ಹನ್ನೊಂದು ವರ್ಷದ ಹುಡುಗನೊಬ್ಬ, "ಹಾಗಾದ್ರೆ ಅಜ್ಜಿ ಬದ್ಲು ತಾತ ಮಾಡೋಣ್ವಾ ಅಂಕಲ್?" ಎಂದ. ಪ್ರಶ್ನೆ ಚೆನ್ನಾಗಿತ್ತು. ಅರ್ಧ ಗಂಟೆ ತಾತನನ್ನೂ ಬರೆದು ನೋಡಿದೆವು. ತಾತ ನಾಯಿಗೆ ಹೆದರುತ್ತಾರೆ, ಕಥೆ ಮುಂದೆ ಹೋಗುವುದಿಲ್ಲ ಎಂದು ಮಕ್ಕಳೇ ಬಹುಮತದಿಂದ ತಳ್ಳಿಹಾಕಿದರು.

ಈಗ ಆ್ಯನಿಯ ರೂಪವನ್ನು ಸ್ವಲ್ಪ ಗಮನಿಸಿ. ತಲೆಯ ಸುತ್ತ ಗುಂಗುರು ಕೂದಲಿನ ದುಂಡು ಪೊದೆ. ಕೆಳಗೆ ತ್ರಿಕೋನದಂಥ ಫ್ರಾಕು, ಬಣ್ಣದ ಪುಟಗಳಲ್ಲಿ ಅದು ಕೆಂಪು, ಕಾಲರು ಬಿಳಿ. ಎರಡು ಕಡ್ಡಿ ಕಾಲು. ಕಣ್ಣುಗಳಂತೂ ಬರೀ ಖಾಲಿ ಸೊನ್ನೆ, ಗುಡ್ಡೆಯೇ ಇಲ್ಲ. ಮೊದಲ ಸಲ ನೋಡಿದಾಗ ನಮಗೆ ಭಯವೇ ಆಯಿತು. ಮಕ್ಕಳೂ "ಕ್ರೀಪಿ!" ಎಂದವು. ಆದರೆ ನಾಲ್ಕೈದು ಪುಟ ಓದುವಷ್ಟರಲ್ಲಿ ಆ ಖಾಲಿ ಕಣ್ಣು ಕಾಣಿಸುವುದೇ ನಿಂತುಹೋಗುತ್ತದೆ. ಅವಳು ಹೆದರಿದ್ದಾಳೆ, ಅತ್ತಿದ್ದಾಳೆ, ಹಟ ಹಿಡಿದಿದ್ದಾಳೆ ಎಂಬುದೆಲ್ಲ ಅವಳ ಭುಜ, ಕೈ, ಹುಬ್ಬುಗಳಿಂದ ತಿಳಿಯುತ್ತದೆ. ಕಣ್ಣನ್ನು ಓದುಗನೇ ತುಂಬಿಕೊಳ್ಳುತ್ತಾನೆ. ಸ್ಕಾಟ್ ಮೆಕ್ಲೌಡ್ ಎಂಬಾತ 1993ರಲ್ಲಿ ಕಾಮಿಕ್ಸಿನ ವ್ಯಾಕರಣವನ್ನು ಕಾಮಿಕ್ಸಿನಲ್ಲೇ ಬರೆದು ಒಂದು ಪುಸ್ತಕ ಮಾಡಿದ. ಮುಖದಲ್ಲಿ ವಿವರ ಕಡಿಮೆಯಾದಷ್ಟೂ ಓದುವವನು ತನ್ನನ್ನು ಅಲ್ಲಿ ಕಂಡುಕೊಳ್ಳುವುದು ಸುಲಭ ಎಂಬುದು ಅವನ ವಾದ. ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಲೆಕ್ಕವೊಂದಿದೆ: ಗ್ರೇ 1968ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಹೆಚ್ಚುಕಡಿಮೆ 44 ವರ್ಷ ಆ್ಯನಿಯನ್ನು ಬರೆದರು. ಸುಮಾರು 16,000 ದಿನ, ದಿನಕ್ಕೆ ಹಲವು ಸಲ! ಇಷ್ಟು ಸಲ ಬರೆಯಬೇಕಾದ ಮುಖದಲ್ಲಿ ಒಂದೊಂದು ಗೆರೆಯೂ ತಾನು ಯಾಕಿದ್ದೇನೆ ಎಂಬುದಕ್ಕೆ ಜವಾಬು ಕೊಡಬೇಕು. ಗುಂಗುರು ಕೂದಲು, ತ್ರಿಕೋನದ ಫ್ರಾಕು ನಿಮಿಷದಲ್ಲಿ ಕೈಗೆ ಬರುತ್ತವೆ, ಯಾವ ಕೋನದಿಂದ ಬರೆದರೂ ಅವಳೇ ಎಂದು ಗೊತ್ತಾಗುತ್ತದೆ.

ಪಾತ್ರಕ್ಕೆ ಇಡಬೇಕಾದ ಮೊದಲ ಪರೀಕ್ಷೆ ಇದರಿಂದಲೇ ಹುಟ್ಟುತ್ತದೆ. ಪಾತ್ರದ ಒಳಗನ್ನೆಲ್ಲ ಕಪ್ಪು ಶಾಯಿಯಿಂದ ತುಂಬಿಬಿಡಿ. ಕಣ್ಣು, ಮೂಗು, ಬಟ್ಟೆಯ ಅಂಚು ಎಲ್ಲ ಮುಚ್ಚಿಹೋಗಲಿ. ಉಳಿದ ನೆರಳನ್ನು ನೋಡಿ ಇಂಥವರೇ ಎನ್ನಬಹುದೇ? ಅನ್ನಬಹುದಾದರೆ ಪಾತ್ರ ನಿಂತಿತು. ಇಲ್ಲಿನ ಪುಸ್ತಕಗಳು ಇದನ್ನು ಹೊಸ ಸೂತ್ರವೆಂಬಂತೆ ಹೇಳುತ್ತವೆ. ನಮ್ಮ ತೊಗಲುಗೊಂಬೆಯಾಟದವರಿಗೆ ಇದು ತಲೆಮಾರುಗಳಿಂದ ಗೊತ್ತು, ಅವರು ಆಡಿಸುವುದೇ ಪರದೆಯ ಹಿಂದಿನಿಂದ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ರಾಜ, ದೇವರು ದೊಡ್ಡ ಗಾತ್ರ. ಸೇವಕರು, ಸಾಮಾನ್ಯರು ಸಣ್ಣ ಗಾತ್ರ. ಮಾತು ಶುರುವಾಗುವ ಮೊದಲೇ ಯಾರು ದೊಡ್ಡವರು ಎಂದು ತಿಳಿದಿರುತ್ತದೆ. ಹಾಸ್ಯಗಾರ ಕಿಳ್ಳೇಕ್ಯಾತ ಪರದೆಗೆ ಬಂದರೆ ಅವನ ಡೊಳ್ಳು ಹೊಟ್ಟೆಯೇ ಅವನ ವಿಳಾಸ. ಯಕ್ಷಗಾನದ ಕಿರೀಟಗಳನ್ನೂ ಹೀಗೇ ದೂರದಿಂದ ಓದಬಹುದು. ಚಂದಮಾಮ ಓದಿ ಬೆಳೆದವರಂತೂ ಕಣ್ಣು ಮುಚ್ಚಿದರೂ ವಿಕ್ರಮ-ಬೇತಾಳದ ಚಿತ್ರವನ್ನು ಹೇಳಬಲ್ಲಿರಿ. ಹೆಗಲ ಮೇಲೆ ಜೋತುಬಿದ್ದ ಹೆಣ, ಕೈಯಲ್ಲಿ ಕತ್ತಿ, ಹೆಜ್ಜೆ ಮುಂದಕ್ಕೆ. ಕಪ್ಪು ಬಳಿದರೂ ಅದು ವಿಕ್ರಮನೇ. ಅದನ್ನು ಬರೆದ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್, ಹುಟ್ಟಿದ್ದು ಆ್ಯನಿ ಹುಟ್ಟಿದ 1924ರಲ್ಲೇ ಎಂಬುದೊಂದು ಕಾಕತಾಳೀಯ. ಅವರು ತೀರಿಕೊಂಡದ್ದು 2020ರಲ್ಲಿ.

ನಮ್ಮ ಶಿಕಾಗೊ-ಡೆಟ್ರಾಯಿಟ್ ಸೀಮೆಯದೇ ಇನ್ನೊಂದು ಉದಾಹರಣೆ ಡಿಕ್ ಟ್ರೇಸಿ. ಚೆಸ್ಟರ್ ಗೌಲ್ಡ್ ಸೃಷ್ಟಿಸಿದ ಈ ಪತ್ತೇದಾರ ಮೊದಲು ಬೆಳಕು ಕಂಡದ್ದು 1931ರ ಅಕ್ಟೋಬರ್ 4ರಂದು 'ಡೆಟ್ರಾಯಿಟ್ ಮಿರರ್' ಪತ್ರಿಕೆಯಲ್ಲಿ. ಅವನ ಹೆಸರನ್ನು ತಿದ್ದಿದವರೂ ಅದೇ ಪ್ಯಾಟರ್ಸನ್! ಟ್ರೇಸಿಯದು ಇಟ್ಟಿಗೆಯಂಥ ಚೌಕ ದವಡೆ, ಕೊಕ್ಕೆ ಮೂಗು. ಖಳರಲ್ಲಿ ಒಬ್ಬನ ನೆತ್ತಿ ಮೇಜಿನ ಹಾಗೆ ಚಪ್ಪಟೆ, ಇನ್ನೊಬ್ಬನ ಮುಖವೆಲ್ಲ ಒಣದ್ರಾಕ್ಷಿಯ ಸುಕ್ಕು. ನೆರಳಿನಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ನೇಪರ್‌ವಿಲ್‌ನ ನದಿ ದಂಡೆಯಲ್ಲಿ 2010ರಲ್ಲಿ ನಿಲ್ಲಿಸಿದ ಟ್ರೇಸಿಯ ಎತ್ತರದ ವಿಗ್ರಹವಿದೆ. ಮುಸ್ಸಂಜೆ ಹೊತ್ತಿಗೆ ಹೋದರೆ ಈ ಪರೀಕ್ಷೆಯನ್ನು ಅಲ್ಲೇ ಮಾಡಿ ನೋಡಬಹುದು. (ಹಾಗೆಂದು ಕೆಟ್ಟವರಿಗೆಲ್ಲ ಕೆಟ್ಟ ಮುಖ ಕೊಡುವುದು ಸರಿಯೇ ಎಂದು ನಮ್ಮ ಮನೆಯವರು ಕೇಳಿದರು. ಸರಿಯಲ್ಲ. ಮಕ್ಕಳಿಗೂ ಅದನ್ನೇ ಹೇಳಿದೆವು.)

ನಮ್ಮ ಏಳು ಅಜ್ಜಿಯರಿಗೂ ಕಪ್ಪು ಬಳಿದೆವು. ಏಳು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಂತೆ ಕಂಡವು.

ಇಲ್ಲಿಗೆ ಚಿತ್ರ ನಿಲ್ಲಿಸಿ ನೋಡುವ ಕೆಲಸ ಹಿಡಿದೆವು. ಮಕ್ಕಳಲ್ಲೊಬ್ಬಳ ಅಜ್ಜಿ ಏಪ್ರಿಲ್ ಕೊನೆಗೆ ಮೈಸೂರಿನಿಂದ ಬಂದವರು, ಅಕ್ಟೋಬರ್ ಕೊನೆಗೆ ಹೊರಡುವವರಿದ್ದರು. ಪ್ರತಿದಿನ ಬೆಳಿಗ್ಗೆ ಲೈಲೇಸಿಯಾ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು ಅವರ ಪದ್ಧತಿ. ಮಕ್ಕಳಿಗೆ ಒಂದೊಂದು ಸಣ್ಣ ನೋಟ್‌ಬುಕ್ ಕೊಟ್ಟು, "ಅಜ್ಜಿಯ ಜೊತೆ ನಡೀರಿ. ಚಿತ್ರ ಬರೀಬೇಡಿ, ಕಂಡದ್ದನ್ನ ಪಟ್ಟಿ ಮಾಡಿ" ಎಂದೆವು. ಈ ಉಪಾಯ ನಮ್ಮದೇನೂ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ಕಿಟಕಿಯಾಚೆ ಕಂಡದ್ದನ್ನೆಲ್ಲ ಬರೆಯುತ್ತಾ ಕೈ ಪಳಗಿಸಿಕೊಂಡವರು. ಕಾಗೆಗಳನ್ನಂತೂ ಜೀವಮಾನವಿಡೀ ನೋಡಿ ನೋಡಿ ಬರೆದರು. ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ ಎಂಬುದು ಪ್ರಸಿದ್ಧ. ಆಮೇಲೆ ಮಹಾರಾಜಾ ಕಾಲೇಜಿನಲ್ಲಿ ಓದಿದರು, ಡಾ. ಎಂ. ಶಿವರಾಂ ಅವರ 'ಕೊರವಂಜಿ'ಗೆ ಚಿತ್ರ ಬರೆದರು. ನಮ್ಮ ರಾಶಿಯವರ ಆ ಹಾಸ್ಯಪತ್ರಿಕೆ ಇಲ್ಲದಿದ್ದರೆ ಲಕ್ಷ್ಮಣ್ ಕೈಗೆ ಅಷ್ಟು ಬೇಗ ಅಚ್ಚಿನ ರುಚಿ ಹತ್ತುತ್ತಿತ್ತೋ ಇಲ್ಲವೋ.

ಮಕ್ಕಳು ತಂದ ಪಟ್ಟಿ ನೋಡಿ ನಾವು ದಂಗಾದೆವು. ಬೆನ್ನು ಬಾಗಿಲ್ಲ, ಸೆಟೆದು ನಡೆಯುತ್ತಾರೆ. ತುರುಬಲ್ಲ, ಗಿಡ್ಡ ಜಡೆ. ಹತ್ತಿ ಸೀರೆ, ಅದರ ಮೇಲೆ ಮಗನ ಹಳೆಯ ಶಿಕಾಗೊ ಬೇರ್ಸ್ ಜಾಕೆಟ್, ತೋಳು ಉದ್ದವಾಗಿ ಬೆರಳು ಮುಚ್ಚುತ್ತದೆ. ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ. ಚಪ್ಪಲಿಯ ಪಟ್ಟಿ ಹೆಬ್ಬೆರಳಿನ ಸಂದಿಯಲ್ಲಿ ಕಾಲುಚೀಲವನ್ನು ಒಳಕ್ಕೆ ಒತ್ತಿ ಕಾಲು ಗೊರಸಿನಂತೆ ಕಾಣುತ್ತದೆ. ಚಳಿ ಹೆಚ್ಚಾದರೆ ಮಂಕಿ ಕ್ಯಾಪ್. ಕೈಯಲ್ಲಿ ಊರಿನಿಂದ ತಂದ ಪ್ಲಾಸ್ಟಿಕ್ ವೈರಿನ ಬುಟ್ಟಿ, ಹಸಿರು-ಹಳದಿ. ಅದರಲ್ಲಿ ಏನಿದೆ ಎಂದು ಕೇಳಿದರೆ ಹೇಳುವುದಿಲ್ಲ. ಬಲ ಮೂಗಿಗೆ ಮೂಗುತಿ. ನಡೆಯುವಾಗ ಎಡಗೈ ಮಾತ್ರ ಬೀಸುತ್ತದೆ. ಒಂಬತ್ತು ವರ್ಷದ ಮೊಮ್ಮಗಳು ಕೊನೆಯಲ್ಲಿ, ಅಜ್ಜಿ ಎದುರಿಗೆ ಬಂದವರಿಗೆಲ್ಲ ತಲೆ ಆಡಿಸುತ್ತಾಳೆ, ಹಲೋ ಅನ್ನುವುದಿಲ್ಲ ಎಂದು ಬರೆದಿದ್ದಳು. ಅದುವರೆಗೆ ಅಜ್ಜಿಯ ಜೊತೆ ಹತ್ತು ನಿಮಿಷ ಕೂರದ ಹುಡುಗಿ ಅವಳು. ಕನ್ನಡ ತಡವರಿಸುತ್ತದೆ ಎಂದು ನಾಚಿಕೆ. ಪಟ್ಟಿ ಮಾಡಲು ಮಾತು ಬೇಕಾಗಿಲ್ಲವಲ್ಲ!

ಆದರೆ ಪಟ್ಟಿಯೇ ಪಾತ್ರವಲ್ಲ. ಇಷ್ಟನ್ನೂ ತುಂಬಿದರೆ ಅದು ಸಂತೆಯ ಅಂಗಡಿಯಾಗುತ್ತದೆ. ಈ ಘಟ್ಟದಲ್ಲೂ ನಮಗೆ ದಾರಿ ತೋರಿಸಿದವರು ಲಕ್ಷ್ಮಣ್. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಶುರುವಾದ ಅವರ ಪಾಕೆಟ್ ಕಾರ್ಟೂನಿನ 'ಶ್ರೀಸಾಮಾನ್ಯ' ಒಂದೇ ದಿನದಲ್ಲಿ ಹುಟ್ಟಿದವನಲ್ಲ. ಮೊದಮೊದಲು ಅವರು ದೇಶದ ಜನರನ್ನೆಲ್ಲ ತೋರಿಸಲು ಬಂಗಾಳಿ, ತಮಿಳ, ಪಂಜಾಬಿ ಎಂದು ಒಂದು ಗುಂಪನ್ನೇ ಬರೆಯುತ್ತಿದ್ದರಂತೆ. ಪತ್ರಿಕೆಯ ಸಮಯಕ್ಕೆ ಮುಗಿಸುವ ಅವಸರದಲ್ಲಿ ಗುಂಪಿನಿಂದ ಒಬ್ಬೊಬ್ಬರೇ ಬಿಟ್ಟುಹೋಗಿ ಕೊನೆಗೆ ಉಳಿದವನು ಈ ಒಬ್ಬ. ಪಂಚೆ, ಚೌಕಳಿ ಕೋಟು, ಕನ್ನಡಕ, ಪೊದೆ ಮೀಸೆ, ಬೋಳು ತಲೆಯ ಹಿಂದೆ ಒಂದಿಷ್ಟು ಕೂದಲು. ಅವನು ಮಾತನ್ನೂ ಆಡುವುದಿಲ್ಲ! ಸಾಫ್ಟ್‌ವೇರಿನಲ್ಲೂ ನಮ್ಮ ಅನುಭವ ಇದೇ. ಸೇರಿಸಿದ್ದಕ್ಕಿಂತ ತೆಗೆದುಹಾಕಿದ ಸಾಲುಗಳ ಬಗ್ಗೆಯೇ ಹೆಚ್ಚು ತೃಪ್ತಿ.

ಹೀಗಾಗಿ ಮಕ್ಕಳಿಗೆ ಒಂದು ನಿಯಮ ಹಾಕಿದೆವು: ಪಟ್ಟಿಯಿಂದ ನಾಲ್ಕನ್ನು ಮಾತ್ರ ಆರಿಸಿ. ಜಗಳ ಒಂದು ಇಡೀ ಶನಿವಾರ ನಡೆಯಿತು. ಮಂಕಿ ಕ್ಯಾಪನ್ನು ಎಲ್ಲರೂ ಬಯಸಿದರು, ಆದರೆ ಅದು ಹಾಕಿದರೆ ಜಡೆ, ಹುಬ್ಬು, ಮೂಗುತಿ ಎಲ್ಲ ಮುಚ್ಚಿ ಮುಖಕ್ಕೆ ಭಾವವೇ ಇರುವುದಿಲ್ಲ. ಅದನ್ನು ಕೈಬಿಟ್ಟೆವು. ಕೊನೆಗೆ ಉಳಿದದ್ದು ದೊಡ್ಡ ಜಾಕೆಟ್, ಕಾಲುಚೀಲದ ಮೇಲಿನ ಚಪ್ಪಲಿ, ವೈರಿನ ಬುಟ್ಟಿ, ಮೂಗುತಿ. ಮತ್ತೆ ಕಪ್ಪು ಬಳಿದು ನೋಡಿದರೆ ಮೇಲೆ ಚೌಕ, ಕೆಳಗೆ ಸೀರೆಯ ಗಂಟೆಯಾಕಾರ, ಪಕ್ಕದಲ್ಲಿ ಬುಟ್ಟಿಯ ಉಬ್ಬು. ಯಾರೂ ಪ್ರಶ್ನಾರ್ಥಕ ಚಿಹ್ನೆ ಎನ್ನುವಂತಿರಲಿಲ್ಲ.

ಇದಾದ ಮೇಲೆ ಬರುವುದು ಮಾಡೆಲ್ ಶೀಟ್. ಒಂದೇ ಹಾಳೆಯ ಮೇಲೆ ಪಾತ್ರವನ್ನು ಎದುರಿನಿಂದ, ಎಡದಿಂದ, ಬಲದಿಂದ, ಹಿಂದಿನಿಂದ ಬರೆದು ಅಳತೆ ಗುರುತು ಮಾಡುವುದು. ಅಳತೆಯ ಮೂಲಮಾನ ತಲೆ. ನಿಜವಾದ ಮನುಷ್ಯ ಸುಮಾರು ಏಳು, ಏಳೂವರೆ ತಲೆಯಷ್ಟು ಎತ್ತರ. ಕಾಮಿಕ್ಸಿನಲ್ಲಿ ಮುಖ ಎದ್ದುಕಾಣಬೇಕೆಂದು ಅದನ್ನು ಐದಕ್ಕೋ ನಾಲ್ಕಕ್ಕೋ ಇಳಿಸುತ್ತಾರೆ. ನಮ್ಮ ಅಜ್ಜಿ ನಾಲ್ಕೂವರೆ ತಲೆ, ನಾಯಿ ಒಂದೂವರೆ. ಪಕ್ಕದಲ್ಲಿ ಕೋಪ, ನಗು, ಅನುಮಾನ, ಬೇಸರದ ಮುಖಗಳು. ಏಳು ಜನ ಬೇರೆ ಬೇರೆ ಪುಟ ಬರೆಯುವಾಗ ಈ ಹಾಳೆಯೇ ಎಲ್ಲರಿಗೂ ಪ್ರಮಾಣ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಪೆಸಿಫಿಕೇಶನ್. ನಮ್ಮ ಕಸುಬಿನಲ್ಲಿ ಆಗುವಂತೆಯೇ ಇದನ್ನೂ ಯಾರೂ ಸರಿಯಾಗಿ ಓದಲಿಲ್ಲ.

ಎಡವಟ್ಟಾದದ್ದು ಇಲ್ಲೇ. ಮಕ್ಕಳು ಕಾಗದದ ಮೇಲೆ ಬರೆದದ್ದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೆವು. ಅಜ್ಜಿ ಬಲಕ್ಕೆ ನಡೆಯುವ ಚಿತ್ರ ಚೆನ್ನಾಗಿ ಬಂದಿದೆ, ಎಡಕ್ಕೆ ನಡೆಯುವುದು ಬೇಕು. ಒಬ್ಬ ಜಾಣ ಗುಂಡಿ ಒತ್ತಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಬಿಟ್ಟ. ಎರಡು ಸೆಕೆಂಡಿನ ಕೆಲಸ. ಮೂಗುತಿ ಬಲದಿಂದ ಎಡಕ್ಕೆ ಹಾರಿತು. ಜಾಕೆಟ್ಟಿನ ಮೇಲಿನ ಅಕ್ಷರ ತಿರುಗುಮುರುಗಾಯಿತು. ಸೆರಗು ಎಡಭುಜದಿಂದ ಬಲಭುಜಕ್ಕೆ ಬಂತು! ಕೊಡವರ ಸೀರೆಯಲ್ಲಿ ಸೆರಗು ಬಲಭುಜದ ಮೇಲೆ ಬರುತ್ತದೆ, ನಿರಿಗೆ ಬೆನ್ನ ಕಡೆ ಇರುತ್ತದೆ. ನಮ್ಮ ಅಜ್ಜಿಯ ನಿರಿಗೆ ಮಾತ್ರ ಮುಂದೆಯೇ ಉಳಿದಿತ್ತು. ಅಂದರೆ ಗುಂಡಿ ಒತ್ತಿದ ಒಂದೇ ಏಟಿಗೆ ಅಜ್ಜಿ ಮೈಸೂರು ಬಿಟ್ಟು, ಮಡಿಕೇರಿಯನ್ನೂ ಮುಟ್ಟದೆ, ನಡುದಾರಿಯಲ್ಲಿ ನಿಂತಿದ್ದರು. ಪಾತ್ರದ ಎಡ-ಬಲ ಒಂದೇ ತರ ಇದ್ದರೆ ಬರೆಯುವುದು ಸುಲಭ, ಆ್ಯನಿ ಹಾಗೇ ಇದ್ದಾಳೆ. ಆದರೆ ಸೀರೆ ಉಟ್ಟವರು ಎಂದೂ ಹಾಗಿರುವುದಿಲ್ಲ. ಸೀರೆಯ ಪಾತ್ರ ಬರೆಯುವವರು ಎಡದ ನೋಟವನ್ನೂ ಬಲದ ನೋಟವನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು. ಇಲ್ಲಿನ ಯಾವ ಪುಸ್ತಕವೂ ಈ ಮಾತನ್ನು ನಮಗೆ ಹೇಳಿರಲಿಲ್ಲ.

ಮಾತಿನ ಗುಳ್ಳೆಯ ಬಗ್ಗೆ ಎರಡು ಮಾತು. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ನಮಗೆ ಒತ್ತಕ್ಷರಗಳಿವೆ, ಸಾಲುಗಳ ನಡುವೆ ಜಾಗ ಬೇಕು; ಪದಗಳೂ ಉದ್ದ. ಅದೇ ಮಾತಿಗೆ ನಮಗೆ ಬೇಕಾದ ಗುಳ್ಳೆ ದೊಡ್ಡದು. ಹಾಗಾಗಿ ಪಾತ್ರವನ್ನು ಚೌಕಟ್ಟಿನಲ್ಲಿ ಕೆಳಗೆ, ಚಿಕ್ಕದಾಗಿ ಕೂರಿಸಬೇಕಾಯಿತು. ಸಣ್ಣದಾದರೂ ಗುರುತು ಸಿಗುವ ನೆರಳು ಇದ್ದದ್ದರಿಂದ ಬದುಕಿಕೊಂಡೆವು.

ಇಷ್ಟೆಲ್ಲ ಆಗಿ ಮುಖಪುಟದ ಚಿತ್ರವನ್ನು ಬಳಗದ ಹಿರಿಯರಿಗೆ ತೋರಿಸಿದಾಗ ಸಿಕ್ಕಿದ್ದು ಮೌನ. ಆಮೇಲೆ ಒಬ್ಬರು, "ಚೆನ್ನಾಗಿದೆ, ಆದ್ರೆ... ರಾಜ್ಯೋತ್ಸವದ ಸಂಚಿಕೆ ನೋಡಿ. ಜಾಕೆಟ್ಟು, ಸಾಕ್ಸು, ಚಪ್ಪಲಿ... ನಮ್ಮವರನ್ನ ನಾವೇ ಹೀಗೆ ತೋರಿಸಬೇಕಾ?" ಎಂದರು. ಇನ್ನೊಬ್ಬರು, "ಒಂದು ರೇಷ್ಮೆ ಸೀರೆ ಉಡಿಸಿ, ಮುಡಿಗೆ ಮಲ್ಲಿಗೆ ಇಡಿ, ಮುಗೀತು" ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಈ ದೇಶದಲ್ಲಿ ನಮ್ಮ ಉಡುಪಿಗೆ, ಉಚ್ಚಾರಣೆಗೆ ನಕ್ಕವರನ್ನು ಅವರು ನಮಗಿಂತ ಹೆಚ್ಚು ಕಂಡವರು.

ಅದೇ ವಾರ ಲೈಬ್ರರಿಯಿಂದ ತಂದ ಆ್ಯನಿಯ ಹಳೆಯ ಪುಟಗಳಲ್ಲಿ ನಮಗೆ ನಮ್ಮವನೊಬ್ಬ ಸಿಕ್ಕಿದ್ದ. 1935ರಲ್ಲಿ ಗ್ರೇ ಡ್ಯಾಡಿ ವಾರ್‌ಬಕ್ಸನಿಗೆ ಒಬ್ಬ ಭಾರತೀಯ ಸೇವಕನನ್ನು ಕೊಟ್ಟರು. ತಲೆಗೆ ದೊಡ್ಡ ಪೇಟ, ದೈತ್ಯನಂಥ ಮೈ, ಮಾಯಮಂತ್ರ ಬಲ್ಲವನು. ಅವನ ಹೆಸರು ಪಂಜಾಬ್! ಮನುಷ್ಯನಿಗೆ ಪ್ರಾಂತ್ಯದ ಹೆಸರು. ನಮ್ಮಲ್ಲಿ ಯಾರಿಗಾದರೂ ಕರ್ನಾಟಕ ಎಂದು ಹೆಸರಿಟ್ಟು ಊಟಕ್ಕೆ ಕರೆದಂತೆ. ಕೆಟ್ಟವನಲ್ಲ, ನಿಷ್ಠಾವಂತ, ಆ್ಯನಿಯನ್ನು ಕಾಪಾಡುತ್ತಾನೆ. ನೆರಳಿನ ಪರೀಕ್ಷೆಯಲ್ಲಂತೂ ನೂರಕ್ಕೆ ನೂರು ಅಂಕ. ಆದರೆ ಅವನಲ್ಲಿ ಯಾರನ್ನೂ ನೋಡಿ ಬರೆದ ಗುರುತಿಲ್ಲ, ಎಲ್ಲ ಕೇಳಿ ಬರೆದದ್ದು. ನೋಡುವುದಾದರೂ ಹೇಗೆ? ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1923ರಲ್ಲಿ. ಏಷ್ಯಾದವರ ವಲಸೆಯನ್ನು ಹೆಚ್ಚುಕಡಿಮೆ ಮುಚ್ಚಿಹಾಕಿದ ಕಾನೂನು ಬಂದದ್ದು 1924ರಲ್ಲಿ, ಅಂದರೆ ಆ್ಯನಿ ಹುಟ್ಟಿದ ವರ್ಷವೇ. ಲೊಂಬಾರ್ಡಿನ ಬೀದಿಯಲ್ಲಿ ಗ್ರೇಗೆ ಒಬ್ಬ ಅಜ್ಜಿ ಎದುರು ಸಿಕ್ಕುವ ಸಂಭವವೇ ಕಡಿಮೆಯಿತ್ತು. 1982ರ ಸಿನಿಮಾದಲ್ಲೂ ಆ ಪಾತ್ರ ಮಾಡಿದವರು ಟ್ರಿನಿಡಾಡಿನ ಜೆಫ್ರಿ ಹೋಲ್ಡರ್.

ಹಿರಿಯರಿಗೆ ಈ ಪಂಜಾಬನನ್ನು ತೋರಿಸಿ, ರೇಷ್ಮೆ ಸೀರೆ-ಮಲ್ಲಿಗೆಯ ಅಜ್ಜಿಯೂ ಇವನ ತಂಗಿಯೇ, ಅವಳು ಕ್ಯಾಲೆಂಡರಿನಿಂದ ಬಂದವಳು, ನಾವೇ ಬರೆದರೂ ಕೇಳಿ ಬರೆದದ್ದೇ ಎಂದು ವಾದಿಸಿದೆವು. ವಾದ ಗೆದ್ದಿತು ಎನ್ನುವಂತಿರಲಿಲ್ಲ. ಕೊನೆಗೆ ಮಕ್ಕಳು ಎರಡೂ ಚಿತ್ರ ಬರೆದರು. ಒಂದರಲ್ಲಿ ಜಾಕೆಟ್, ಇನ್ನೊಂದರಲ್ಲಿ ರೇಷ್ಮೆ. ಎರಡನ್ನೂ ಅಜ್ಜಿಯ ಮುಂದೆ ಇಟ್ಟರು. ಅಜ್ಜಿ ಕನ್ನಡಕ ಏರಿಸಿ ರೇಷ್ಮೆಯವಳನ್ನು ಬಹಳ ಹೊತ್ತು ನೋಡಿದರು.

"ಇವಳು ಯಾರಮ್ಮಾ? ಈ ಚಳೀಲಿ ಹೀಗೆ ನಿಂತಿದಾಳಲ್ಲ, ಇವಳಿಗೆ ನೆಗಡಿ ಆಗಲ್ವಂತಾ?"

ಆಮೇಲೆ ಜಾಕೆಟ್ಟಿನವಳ ಮೇಲೆ ಬೆರಳಿಟ್ಟು, "ಇದೇನೋ ನಾನೇ. ಆದ್ರೆ ಬುಟ್ಟಿ ಹಿಡಿ ಹರಿದಿರೋದನ್ನ ಯಾಕೆ ಬರೆದ್ರಿ? ನಾನು ಆಗ್ಲೇ ಹೆಣೆದಾಯ್ತು" ಎಂದರು. ಮೊಮ್ಮಗಳು ತಡವರಿಸುವ ಕನ್ನಡದಲ್ಲೇ ಅ ಬುಟ್ಟಿಯ ಒಳಗೆ ಏನಿದೆ ಎಂದು ಕೇಳಿದಳು. ಹಕ್ಕಿಗಳಿಗೆ ಹಾಕಲು ಅಕ್ಕಿ, ಬಿದ್ದಿದ್ದ ಲೈಲಾಕಿನ ಒಣಬೀಜ, ಒಂದು ಕುಪ್ಪಿ ಅಮೃತಾಂಜನ. ಆರನೆಯ ಪುಟದಲ್ಲಿ ನಾಯಿ ಬುಟ್ಟಿಗೆ ಮೂಗು ತೂರಿಸಿ ಅಮೃತಾಂಜನದ ಘಾಟಿಗೆ ಸೀನುವ ದೃಶ್ಯ ಬಂದದ್ದು ಹೀಗೆ. ಇಡೀ ಕಥೆಯಲ್ಲಿ ಎಲ್ಲರೂ ನಗುವ ಜಾಗ ಅದೇ.

ಮುಖಪುಟದಲ್ಲಿ ಜಾಕೆಟ್ಟಿನ ಅಜ್ಜಿಯೇ ಬಂದರು. ಬೇಡವೆಂದಿದ್ದ ಹಿರಿಯರು ಎರಡು ಹೆಚ್ಚುವರಿ ಪ್ರತಿ ಕೇಳಿ ಇಸಿದುಕೊಂಡರು, ಕಾರಣ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ಊರಿಗೆ ಹೋಗಿಯಾಗಿತ್ತು. ಕೊನೆಯ ಎರಡು ಪುಟಗಳನ್ನು ಮಕ್ಕಳು ಅವರಿಲ್ಲದೆ, ಮಾಡೆಲ್ ಶೀಟ್ ನೋಡಿಯೇ ಮುಗಿಸಿದರು. ಅಚ್ಚಾದ ಪ್ರತಿಯನ್ನು ಮೈಸೂರಿಗೆ ಅಂಚೆಯಲ್ಲಿ ಕಳಿಸಿದೆವು. ಮೂರು ವಾರಕ್ಕೆ ಫೋನು ಬಂತು. ಎಲ್ಲ ಚೆನ್ನಾಗಿದೆಯಂತೆ, ಪಕ್ಕದ ಮನೆಯವರೂ ಓದಿದರಂತೆ. ಐದನೆಯ ಪುಟ, ಮೂರನೆಯ ಚಿತ್ರದಲ್ಲಿ ಮಾತ್ರ ಮೂಗುತಿ ಎಡಕ್ಕಿದೆಯಂತೆ.